ಹಗಲು ಸಿಗದ ದೂರದ ರೇಡಿಯೊ ಸ್ಟೇಷನ್ ರಾತ್ರಿ ಹೇಗೆ ಸಿಗುತ್ತದೆ?

ಸೂರ್ಯ ಮುಳುಗಿದ ಮೇಲೆ ಮೀಡಿಯಂ ವೇವ್ (ಎಎಂ ರೇಡಿಯೊ) ಅಲೆಗಳು ಆಕಾಶಕ್ಕೆ ತಾಗಿ ನೆಲಕ್ಕೆ ವಾಪಸ್ ಬರುತ್ತವೆ, ಅದಕ್ಕೆ. ಹಗಲು ಹಾಗಾಗುವುದಿಲ್ಲ.

ಬಿಸಿಲಿನಿಂದಾಗಿ ನಮ್ಮ ತಲೆಯ ಮೇಲೆ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ವಿದ್ಯುತ್ ಕಣಗಳ ಒಂದು ಪದರ ಹುಟ್ಟುತ್ತದೆ. ಮೇಲೆ ಹೋದ ಅಲೆಗಳನ್ನು ಅದು ಹೀರಿಕೊಂಡುಬಿಡುತ್ತದೆ. ಕತ್ತಲಾದರೆ ಈ ಪದರ ಬೇಗ ಕರಗಿಹೋಗುತ್ತದೆ. ಅದಕ್ಕಿಂತ ಮೇಲಿನ ಪದರಗಳು ಉಳಿಯುತ್ತವೆ. ಅವು ಅಲೆಗಳನ್ನು ಹೀರುವ ಬದಲು ಬಗ್ಗಿಸಿ ನೂರಾರು ಕಿ.ಮೀ. ಆಚೆ ಇಳಿಸುತ್ತವೆ. ಎಫ್‌ಎಂ ಅಲೆಗಳು ಸಾಮಾನ್ಯವಾಗಿ ಇವನ್ನೆಲ್ಲ ತೂರಿಕೊಂಡು ಹೋಗಿಬಿಡುತ್ತವೆ, ಹಾಗಾಗಿ ಅಲ್ಲಿ ಹತ್ತಿರದ ಸ್ಟೇಷನ್ನೇ ಗತಿ.

ಬೆಂಗಳೂರಿನಲ್ಲಿ ಕಷ್ಟ ಅಂದ್ರೆ ಗೊರಗೊರ ಸದ್ದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್ ಎಲ್ಲವೂ ಅದೇ ಅಲೆಗಳಲ್ಲಿ ಗಲಾಟೆ ಮಾಡುತ್ತವೆ. ನಾನು ಸಣ್ಣ ಬ್ಯಾಟರಿ ರೇಡಿಯೊ ಹಿಡಿದು ತಾರಸಿಗೆ ಹೋಗುತ್ತೇನೆ, ನೀರಿನ ಟ್ಯಾಂಕ್ ಪಕ್ಕ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಇಲ್ಲಿ ಜೋರಾಗಿರುತ್ತದೆ, ಅಲ್ವಾ? ಅದರಿಂದ ದೂರ ಸರಿದು ಮುಳ್ಳನ್ನು ಕೂದಲೆಳೆಯಷ್ಟೇ ತಿರುಗಿಸಿ. ಏನೋ ಪಿಸುಗುಟ್ಟಿದಂತೆ ಕೇಳಿದರೆ ಇಡೀ ರೇಡಿಯೊವನ್ನೇ ನಿಧಾನವಾಗಿ ತಿರುಗಿಸಿ. ಒಳಗಿರುವ ಕಪ್ಪು ಫೆರೈಟ್ ಕಡ್ಡಿಯೇ ಆಂಟೆನಾ. ಅದು ಸ್ಟೇಷನ್ ಇರುವ ದಿಕ್ಕಿಗೆ ಅಡ್ಡಲಾಗಿದ್ದಾಗ ಜಾಸ್ತಿ ಹಿಡಿಯುತ್ತದೆ. ದನಿ ಉಯ್ಯಾಲೆಯಂತೆ ಹತ್ತಿರ ಬಂದು ದೂರ ಹೋಗುತ್ತದೆ. ಆಗ ಮುಳ್ಳು ಮುಟ್ಟಬೇಡಿ, ಸುಮ್ನೆ ಕಾಯಿರಿ. ಸ್ಟೇಷನ್ನಿನ ಹೆಸರು ಹೇಳುವುದು ಹೆಚ್ಚಾಗಿ ಗಂಟೆ ತುಂಬುವ ಹೊತ್ತಿಗೆ.