ಮಕ್ಕಳ ವಾದ್ಯವೃಂದಕ್ಕೆ ಹೊಸ ಕೃತಿ ಬೇಕು, ಸಂಯೋಜಕರನ್ನು ಕರೆಯೋದು ಹೇಗೆ?

ಪ್ರಶ್ನೆ: ಸಾಗರದಲ್ಲಿ ನಮ್ಮದೊಂದು ಮಕ್ಕಳ ವಾದ್ಯವೃಂದವಿದೆ. 10ರಿಂದ 17 ವರ್ಷದ 24 ಮಕ್ಕಳು ಶನಿವಾರ, ಭಾನುವಾರ ಸೇರುತ್ತಾರೆ. 9 ಪಿಟೀಲು, 5 ಕೊಳಲು, 3 ಕೀಬೋರ್ಡ್, 2 ವೀಣೆ, 2 ಮೃದಂಗ. ತಬಲಾ, ಗಿಟಾರ್, ಚೆಂಡೆ ಒಂದೊಂದು. ಎಷ್ಟು ವರ್ಷ ಅಂತ ಅದೇ ಕೃತಿ, ಅದೇ ಸಿನಿಮಾ ಹಾಡು ನುಡಿಸೋದು? ಹೊಸದಾಗಿ ಬರೆದುಕೊಡಿ ಎಂದು ಸಂಯೋಜಕರನ್ನು ಆಹ್ವಾನಿಸಬೇಕು ಅಂತಿದ್ದೇವೆ. ಆಹ್ವಾನದಲ್ಲಿ ಏನೇನು ಬರೆಯಬೇಕು? ಪ್ರವೇಶ ಶುಲ್ಕ ಇಡಬಹುದಾ? ಕೃತಿಯ ಹಕ್ಕು ನಮ್ಮದಾಗುತ್ತದಾ?
ಸಂಗೀತ ಶಿಕ್ಷಕಿ, ಸಾಗರ

ಉತ್ತರ: ಮೇಡಂ, ಅರ್ಧ ಆಹ್ವಾನ ನಿಮ್ಮ ಪತ್ರದಲ್ಲೇ ಇದೆ. ಆ ವಾದ್ಯಗಳ ಲೆಕ್ಕವನ್ನೇ ಮೊದಲ ಸಾಲಿಗೆ ಹಾಕಿ. ನಾನು ನೋಡಿದ ಹೆಚ್ಚಿನ ಆಹ್ವಾನಗಳು ‘ಪ್ರತಿಭಾವಂತರಿಗೆ ಸುವರ್ಣಾವಕಾಶ’ ಅಂತ ಶುರುವಾಗಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಅಂತ ಮುಗಿಯುತ್ತವೆ. ನುಡಿಸೋಕೆ ಕೂರುವವರು ಯಾರು ಅನ್ನೋದೇ ಅದರಲ್ಲಿ ಇರೋದಿಲ್ಲ. ಆಗ ಬರೆಯುವವರು ತಮ್ಮ ತಲೆಯಲ್ಲಿರುವ ದೊಡ್ಡ ಆರ್ಕೆಸ್ಟ್ರಾಕ್ಕೆ ಬರೆಯುತ್ತಾರೆ. ಕೃತಿ ಚೆನ್ನಾಗೇ ಇರುತ್ತೆ, ಮಕ್ಕಳ ಕೈಗೆ ಎಟುಕೋದಿಲ್ಲ.

ಲೆಕ್ಕದ ಕೆಳಗೆ ಶ್ರುತಿ, ಅಂದರೆ ಮಕ್ಕಳ ‘ಸ’ ಯಾವ ಎತ್ತರದಲ್ಲಿದೆ ಅಂತ, ಬರೆಯಿರಿ. ಇದನ್ನು ಮರೆತರೆ ಎಲ್ಲವೂ ಕೆಡುತ್ತೆ. ನಿಮ್ಮದು ಐದು ಮನೆ ಶ್ರುತಿ ಅಂದುಕೊಳ್ಳೋಣ, ಅಂದರೆ ಪಾಶ್ಚಾತ್ಯರ ‘ಜಿ’. ಪಾಶ್ಚಾತ್ಯ ಪದ್ಧತಿಯವರ ಪಿಟೀಲಿನ ತಂತಿಗಳು ಜಿ, ಡಿ, ಎ, ಇ. ನಿಮ್ಮ ಮಕ್ಕಳದು ಸ, ಪ, ಸ, ಪ. ಅಂದರೆ ಜಿ, ಡಿ, ಜಿ, ಡಿ. ಸಂಯೋಜಕರು ‘ಪಾಪ ಮಕ್ಕಳು, ಬೆರಳಿಡದೆ ಬರೀ ತಂತಿ ಎಳೆಯಲಿ’ ಅಂತ ‘ಎ’ ಸ್ವರ ಬರೆಯುತ್ತಾರೆ. ನಿಮ್ಮ ಹುಡುಗಿಗೆ ಅದು ಚತುಶ್ರುತಿ ರಿಷಭ, ಅಂದರೆ ‘ಸ’ ಆದಮೇಲಿನ ‘ರಿ’, ಬೆರಳು ಇಡಲೇಬೇಕು. ಸುಲಭ ಅಂತ ಬರೆದದ್ದೇ ಕಷ್ಟವಾಗಿ ಕೂರುತ್ತೆ.

ಕೊಳಲಿನ ಪಾಡೂ ಅಷ್ಟೇ. ನಡುವೆ ಶ್ರುತಿ ಬದಲಾಯಿಸಿದರೆ ಐದೂ ಮಕ್ಕಳು ಬೇರೆ ಕೊಳಲು ಕೈಗೆತ್ತಿಕೊಳ್ಳಬೇಕು. ಕೀಬೋರ್ಡಿನವರು ಮಾತ್ರ ಒಂದು ಬಟನ್ ಒತ್ತಿ ಆರಾಮಾಗಿ ಕೂರುತ್ತಾರೆ! ಅದಕ್ಕೇ ‘ಕೃತಿ ಪೂರ್ತಿ ಒಂದೇ ಶ್ರುತಿಯಲ್ಲಿರಲಿ, ಬದಲಾವಣೆ ಬೇಕಿದ್ದರೆ ಗ್ರಹಭೇದ ಬಳಸಿ’ ಎಂದು ಬರೆಯಿರಿ. ಗ್ರಹಭೇದ ಅಂದರೆ ಸ್ವರಗಳನ್ನು ಹಾಗೇ ಇಟ್ಟು ಬೇರೊಂದು ಸ್ವರವನ್ನು ಷಡ್ಜ (ಸ) ಮಾಡಿಕೊಳ್ಳೋದು. ಮೋಹನ ರಾಗದ ರಿಷಭವನ್ನೇ (ರಿ) ಷಡ್ಜ ಮಾಡಿಕೊಂಡರೆ ಮಧ್ಯಮಾವತಿ ರಾಗ, ಗಾಂಧಾರವನ್ನು (ಗ) ಮಾಡಿಕೊಂಡರೆ ಹಿಂದೋಳ. ಸ್ವರಗಳು ಅವೇ, ಕೊಳಲೂ ಅದೇ, ಕೇಳುವವರಿಗೆ ಮಾತ್ರ ಬೇರೆ ಊರಿಗೆ ಬಂದ ಹಾಗಿರುತ್ತೆ. ಒಳ್ಳೆಯ ಸಂಯೋಜಕರಿಗೆ ಇಂಥ ಕಟ್ಟು ಸಿಕ್ಕಿದರೆ ಖುಷಿಯೇ ಆಗುತ್ತೆ, ನೋಡಿ.

ಇನ್ನು ಮಟ್ಟ. ಒಂಬತ್ತು ಪಿಟೀಲು ಅಂದರೆ ಒಂಬತ್ತೂ ಒಂದೇ ಅಲ್ಲ. ವರ್ಣ ನುಡಿಸುವಷ್ಟು ಮುಂದಿರುವವರು ಎಷ್ಟು, ಇನ್ನೂ ಜಂಟಿ ವರಸೆಯಂಥ ಆರಂಭದ ಪಾಠದಲ್ಲಿರುವವರು ಎಷ್ಟು ಅಂತ ಬಿಡಿಸಿ ಹೇಳಿ. ಇಂಗ್ಲೆಂಡಿನ ಸಂಯೋಜಕ ಬೆಂಜಮಿನ್ ಬ್ರಿಟನ್ 1958ರಲ್ಲಿ ಊರ ಮಕ್ಕಳಿಗಾಗಿ ಬೈಬಲ್ಲಿನ ನೋವಾನ ಪ್ರಳಯದ ಕಥೆಯನ್ನು ಸಂಗೀತ ನಾಟಕ ಮಾಡಿದರು. ಮಕ್ಕಳ ಪಿಟೀಲಿಗೆ ಮೂರು ಮಟ್ಟ ಇಟ್ಟರು. ಮೂರನೆಯವರಿಗೆ ಎಷ್ಟೋ ಹೊತ್ತು ಬರೀ ತಂತಿ ಎಳೆಯೋದೇ ಕೆಲಸ. ಮಳೆಹನಿಯ ಸದ್ದಿಗೆ ಚಹಾ ಕುಡಿಯುವ ಮಗ್‌ಗಳನ್ನು ದಾರಕ್ಕೆ ತೂಗುಹಾಕಿ ಮರದ ಚಮಚದಲ್ಲಿ ತಟ್ಟಿಸಿದರು. ವಾದ್ಯ ಕಲಿಯದ ಮಕ್ಕಳಿಗೂ ಹೀಗೆ ಜಾಗ ಸಿಕ್ಕಿತು. ಮಳೆಗೆ ನಮ್ಮಲ್ಲೇನು ಬರವಾ?

ಚೆಂಡೆ ಹುಡುಗನ ಬಗ್ಗೆ ಬೇರೆಯೇ ಒಂದು ಸಾಲು ಬೇಕು. ಅವನು ಯಕ್ಷಗಾನದಲ್ಲಿ ಬಾರಿಸುವಷ್ಟು ಜೋರಾಗಿ ಬಾರಿಸಿದರೆ ಒಂಬತ್ತು ಪಿಟೀಲೂ ಮಾಯ. ಹಾಗಂತ ಹತ್ತು ನಿಮಿಷ ಸುಮ್ನೆ ಕೂರಿಸಿ ಕೊನೆಗೆ ನಾಲ್ಕು ಪೆಟ್ಟು ಹಾಕಿಸೋದೂ ಅನ್ಯಾಯ. ಪಿಟೀಲು ನಿಂತಾಗ ಚೆಂಡೆಗೆ ಮಾತಾಡಲು ಬಿಡಿ ಎಂದು ಕೇಳಿ.

ಕೃತಿ ಐದರಿಂದ ಎಂಟು ನಿಮಿಷ ಸಾಕು. ನಮ್ಮ ಸ-ರಿ-ಗ-ಮದ ಸ್ವರಲಿಪಿ ಕಡ್ಡಾಯ ಅನ್ನಿ, ಪಾಶ್ಚಾತ್ಯರ ಗೆರೆಗಳ ಸ್ಟಾಫ್ ನೊಟೇಶನ್ ಜೊತೆಗಿದ್ದರೆ ಇರಲಿ. ಪ್ರತಿ ವಾದ್ಯದ ಹಾಳೆಯನ್ನು ಬೇರೆ ಮಾಡಿ ಕೊಡುವ ಕೆಲಸವೂ ಸಂಯೋಜಕರದ್ದೇ ಎಂದು ಮೊದಲೇ ತಿಳಿಸಿ. ಇಲ್ಲದಿದ್ದರೆ ರಾತ್ರಿ ಹನ್ನೆರಡಕ್ಕೆ ನೀವು ಕೂತು ಕಾಪಿ ಮಾಡ್ತಿರುತ್ತೀರಿ.

ಪ್ರವೇಶ ಶುಲ್ಕ ಬೇಡವೇ ಬೇಡ. ನಾನು ಒಮ್ಮೆ ಶುಲ್ಕ ಕಟ್ಟಿ ಇಂಥದ್ದಕ್ಕೆ ಕೃತಿ ಕಳಿಸಿದ್ದೆ. ಸಂಸ್ಥೆಯ ಹೆಸರು ಬೇಡ ಬಿಡಿ. ಆಯ್ಕೆಯಾಗಲಿಲ್ಲ ಅನ್ನುವ ಒಂದು ಸಾಲೂ ಬರಲಿಲ್ಲ. ಕೃತಿ ಬೇಕಾಗಿರೋದು ನಿಮಗೆ, ಹಾಗಾಗಿ ನೀವೇ ಕೊಡಬೇಕು. ಐದು ಸಾವಿರವೇ ಆಗಲಿ, ಮೊತ್ತವನ್ನು ಆಹ್ವಾನದಲ್ಲೇ ಬರೆಯಿರಿ. ಬಂದುಹೋಗುವ ಖರ್ಚು, ಯಾರಾದರೂ ಪೋಷಕರ ಮನೆಯಲ್ಲಿ ಉಳಿಯುವ ವ್ಯವಸ್ಥೆ ಸೇರಿಸಿದರೆ ದೂರದವರೂ ಬರುತ್ತಾರೆ.

ಹಕ್ಕು ಸಂಯೋಜಕರಲ್ಲೇ ಇರಲಿ. ನಿಮಗೆ ಬೇಕಾಗಿರೋದು ಮೊದಲ ಪ್ರದರ್ಶನ, ಆಮೇಲೆ ಕೆಲವು ವರ್ಷ ಶುಲ್ಕವಿಲ್ಲದೆ ನುಡಿಸುವ ಅನುಮತಿ, ಅಷ್ಟೇ. ಅದನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ. ಹಕ್ಕನ್ನೇ ಬರೆಸಿಕೊಂಡರೂ, ಎಷ್ಟು ಕಾಲ ಅಂತ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಐದೇ ವರ್ಷಕ್ಕೆ. ಇನ್ನೊಂದು ವಿಷಯ. ನಮ್ಮ ಕಡೆಯ ಆಹ್ವಾನ ಅಂದಮೇಲೆ ಯಾರಾದರೂ ಕುವೆಂಪು ಕವಿತೆ ಸೇರಿಸಿಯೇ ಸೇರಿಸುತ್ತಾರೆ. ಅವರು ತೀರಿಕೊಂಡದ್ದು 1994ರಲ್ಲಿ. ಹಕ್ಕು ಅಲ್ಲಿಂದ 60 ವರ್ಷ, 2054ರ ಕೊನೆಯವರೆಗೆ ಇರುತ್ತೆ. ಅನುಮತಿ ಪತ್ರ ಕೃತಿಯ ಜೊತೆಗೇ ಬರಲಿ. ದೀಪಾವಳಿಯ ಅಂಟಿಕೆ-ಪಂಟಿಕೆ ಅನ್ನುವ ಜನಪದ ಹಾಡಿನ ಧಾಟಿ ಬಳಸಿದರೆ ಆ ತೊಡಕಿಲ್ಲ, ಆದರೆ ಯಾರಿಂದ ಕೇಳಿ ಕಲಿತದ್ದು ಅಂತ ಬರೆಯಲು ಹೇಳಿ.

ಆಯ್ಕೆ ಮಾಡುವಾಗ ಹೆಸರು ಮುಚ್ಚಿಡಿ. ಕಂಪ್ಯೂಟರ್ ನುಡಿಸಿದ ಮಾದರಿ ಕೇಳಿ ಮರುಳಾಗಬೇಡಿ. ಕಂಪ್ಯೂಟರಿನ ಕೊಳಲಿಗೆ ಉಸಿರು ಕಟ್ಟೋದಿಲ್ಲ. ಕೊನೆಗೆ ಉಳಿದ ಎರಡು ಮೂರು ಕೃತಿಗಳ ಮೊದಲ ಎರಡು ಪುಟವನ್ನು ಮಕ್ಕಳ ಕೈಲೇ ನುಡಿಸಿ ನೋಡಿ. ಆಯ್ಕೆಯಾದವರು ಎರಡು ಸಲವಾದರೂ ತಾಲೀಮಿಗೆ ಬರಬೇಕು, ಬೇಕಾದಲ್ಲಿ ತಿದ್ದಿಕೊಡಬೇಕು. ಈ ಷರತ್ತನ್ನು ದಪ್ಪ ಅಕ್ಷರದಲ್ಲೇ ಹಾಕಿಸಿ.

ದಿನಾಂಕಗಳನ್ನು ಮಳೆ ನೋಡಿಕೊಂಡು ಇಡಿ. ಫೆಬ್ರವರಿಯಲ್ಲಿ ಆಹ್ವಾನ, ಜೂನ್ ಕೊನೆಗೆ ಗಡುವು, ಜುಲೈನಲ್ಲಿ ಆಯ್ಕೆ. ಹೇಗೂ ಆಗ ಅರ್ಧ ದಿನ ಮಳೆ ರಜೆ, ಮೃದಂಗದ ಚರ್ಮ ತೇವಕ್ಕೆ ಇಳಿದು ಶ್ರುತಿಗೆ ನಿಲ್ಲೋದೂ ಇಲ್ಲ. ಸೆಪ್ಟೆಂಬರ್ ನಡುವಿನಿಂದ ತಾಲೀಮು, ಜನವರಿಯಲ್ಲಿ ಕಾರ್ಯಕ್ರಮ. ಅದರಾಚೆ ಹೋದರೆ ಹತ್ತನೇ ಕ್ಲಾಸಿನವರು ಪರೀಕ್ಷೆ ಅಂತ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ, ಮತ್ತು ನಿಮ್ಮ ಒಳ್ಳೆಯ ಪಿಟೀಲಿನವರು ಸಾಮಾನ್ಯವಾಗಿ ಅವರೇ ಆಗಿರುತ್ತಾರೆ.