ಜಿ7 ಹೇಗೆ ಎಫ್ ಮೈನರ್ 6 ಆಗುತ್ತದೆ?

ಸಿ ಮೇಜರ್‌ನಲ್ಲಿ ಜಿ7 ಕಾರ್ಡನ್ನು (ಜಿ, ಬಿ, ಡಿ, ಎಫ್ ಒಟ್ಟಿಗೆ ನುಡಿಸುವ ಸ್ವರಗುಚ್ಛ) ನೆಗೆಟಿವ್ ಹಾರ್ಮನಿ ರೀತಿಯಲ್ಲಿ, ಅಂದರೆ ಪ್ರತಿ ಸ್ವರವನ್ನೂ ಒಂದು ಕನ್ನಡಿಯ ಆಚೆ ಅಷ್ಟೇ ದೂರಕ್ಕೆ ಸರಿಸಿ, ತಿರುಗಿಸಿದರೆ ನಿಮಗೆ ಬಿ ಫ್ಲ್ಯಾಟ್ ಮೈನರ್ 6 ಬರುತ್ತಿದೆ, ಎಲ್ಲರೂ ಎಫ್ ಮೈನರ್ 6 ಅಂತಾರೆ, ಯಾಕೆ ಅಂತ ಕೇಳಿದ್ದೀರಿ. ನೀವು ಕನ್ನಡಿಯನ್ನು ಸಿ ಸ್ವರದ ಮೇಲೇ ಇಟ್ಟಿದ್ದೀರಿ. ನೆಗೆಟಿವ್ ಹಾರ್ಮನಿಯಲ್ಲಿ ಅದು ಸಿ ಮತ್ತು ಜಿ ನಡುವೆ ಇರಬೇಕು, ಅಂದರೆ ಇ ಫ್ಲ್ಯಾಟ್ ಮತ್ತು ಇ ಮಧ್ಯದ ಸಂದಿಯಲ್ಲಿ. ಆಗ ಜಿ ಹೋಗಿ ಸಿ ಆಗುತ್ತದೆ, ಬಿ ಹೋಗಿ ಎ ಫ್ಲ್ಯಾಟ್, ಡಿ ಹೋಗಿ ಎಫ್, ಎಫ್ ಹೋಗಿ ಡಿ. ನಾಲ್ಕನ್ನೂ ಒಟ್ಟಿಗೆ ಒತ್ತಿ ನೋಡಿ, ಎಫ್ ಮೈನರ್ 6 ಬಂತು ಅಲ್ವಾ!

ಈಗ ಅಲ್ಲಿಂದ ಸಿ ಮೇಜರ್‌ಗೆ ಬನ್ನಿ. ಜಿ7ನಲ್ಲಿ ಬಿ ಅರ್ಧ ಸ್ವರ ಮೇಲೇರಿ ಸಿಗೆ ಸೇರುತ್ತದೆ. ಇಲ್ಲಿ ಎ ಫ್ಲ್ಯಾಟ್ ಅರ್ಧ ಸ್ವರ ಇಳಿದು ಜಿಗೆ ಸೇರುತ್ತದೆ. ಸುಮ್ನೆ ನಾಲ್ಕೈದು ಸಲ ನಿಧಾನವಾಗಿ ನುಡಿಸಿ. ಆ ಇಳಿತ ನನಗಂತೂ ತುಂಬಾ ಇಷ್ಟ.