ಧರೆಯ ಬಿರುಕು ಮತ್ತು ಪಾಲುವಿನ ಮಣ್ಣು

ಸಕಲೇಶಪುರದ ಹತ್ತಿರ ನಿಮ್ಮ ಮನೆ ಹಿಂದಿನ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಬಿರುಕು ಬಿಟ್ಟಿದೆ, ಇಂಡೋನೇಷ್ಯಾದ ಪಾಲು ನಗರದಲ್ಲಿ ಆದ ಹಾಗೆ ನಮ್ಮ ಮಣ್ಣೂ ನೀರಾಗಿ ಹರಿಯುತ್ತಾ ಅಂತ ಕೇಳಿದ್ದೀರಿ. ಎರಡೂ ಬೇರೆ. ಆದರೆ ಎರಡು ಕಡೆಯೂ ಕೆಲಸ ಕೆಡಿಸುವುದು ಒಳಗೆ ಸಿಕ್ಕಿಕೊಂಡ ನೀರೇ.

ಪಾಲುವಿನಲ್ಲಿ 2018ರ ಸೆಪ್ಟೆಂಬರ್ 28ರಂದು 7.5 ತೀವ್ರತೆಯ ಭೂಕಂಪ ಆಯಿತು. ನೀರು ತುಂಬಿದ ಸಡಿಲ ಮರಳು ಅಲುಗಾಡಿದರೆ ಕಾಳುಗಳು ಒತ್ತಾಗಿ ಕೂರಲು ನೋಡುತ್ತವೆ. ನಡುವಿನ ನೀರಿಗೆ ಹೊರಡಲು ಸಮಯವೇ ಇಲ್ಲ. ಭಾರ ನೀರಿನ ಮೇಲೆ ಬಿದ್ದು ಕಾಳುಗಳ ಹಿಡಿತ ತಪ್ಪುತ್ತದೆ. ಮೇಲೇರುವ ನೀರಿಗೆ ಜಿನುಗದ ನುಣುಪು ಮಣ್ಣಿನ ಪದರ ಅಡ್ಡ ಬಂದರೆ, ಅದರ ಕೆಳಗೇ ನೀರು ಸೇರಿಕೊಳ್ಳುತ್ತದೆ. ಹಾಗಾಗಿ ನಡುಕ ನಿಂತ ಮೇಲೂ ನೆಲ ಜಾರಬಹುದು. ಅಲ್ಲಿ ಹೀಗೆ ನೆಲ ಜಾರಿದ ಪೆಟೊಬೊ ಎಂಬ ಬಡಾವಣೆಯಲ್ಲಿ ಇಳಿಜಾರು ಕೆಲವೇ ಡಿಗ್ರಿ, ನಮ್ಮವರು ಬಯಲು ಅಂತಲೇ ಅನ್ನುತ್ತಿದ್ದರು!

ನಮ್ಮ ಕಡೆ ಭೂಕಂಪ ಬೇಕಿಲ್ಲ, ಆಷಾಢದ ಮಳೆ ಸಾಕು. ಇಳಿದ ನೀರು ಜೇಡಿ ಪದರದ ಅಥವಾ ಬಂಡೆಯ ಮೇಲೆ ನಿಂತು ಒಳಗಿನ ಒತ್ತಡ ಏರುತ್ತದೆ. ಮನೆಗೆ ಜಾಗ ಮಾಡಲು ಬುಡ ಕಡಿದಿದ್ದರಂತೂ ಕೇಳುವುದೇ ಬೇಡ.

ಮಳೆ ಬಿಟ್ಟಾಗ ಬಿರುಕನ್ನು ಜೇಡಿಮಣ್ಣಿನಿಂದ ಮುಚ್ಚಿ ಟಾರ್ಪಾಲು ಹೊದಿಸಿ. ಮೇಲ್ಗಡೆಯ ನೀರನ್ನು ಚರಂಡಿಯಿಂದ ಪಕ್ಕಕ್ಕೆ ತಿರುಗಿಸಿ. ಧರೆ ನೆತ್ತಿಯಲ್ಲಿ ತೊಟ್ಟಿಲು ಗುಂಡಿ (ಮಳೆ ನೀರು ಇಂಗಿಸಲು ತೋಡುವ ಗುಂಡಿ) ಬೇಡ, ಅದು ತೋಟಕ್ಕೆ ಒಳ್ಳೆಯದು, ಇಲ್ಲಿಗಲ್ಲ. ನೀರು ಹೊರಬರಲು ತೂತು ಬಿಡದೆ ಸುಮ್ನೆ ಗೋಡೆ ಕಟ್ಟಿಸಬೇಡಿ. ಬಿರುಕು ಅಗಲವಾದರೆ, ಬುಡದಲ್ಲಿ ಕೆಸರು ನೀರು ಬಂದರೆ ಅಥವಾ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ನಿಂತರೆ, ಆ ಕ್ಷಣವೇ ಮನೆ ಬಿಟ್ಟು ಹೊರಡಿ.